ಕಡಲೆಯೆಂದರೆ ಯಾವ ಕಡಲೆ?

ಚಟ್ನಿಯ ವಿಷಯವಾಗಿ ಲೇಖನವನ್ನು ಬರೆಯತಕ್ಕ ಪ್ರಸಂಗವು ನಮಗೆ ಒದಗೀತೆಂದು ನಾವೆಂದೂ ಭಾವಿಸಿರಲಿಲ್ಲ. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪ್ರೌಢಶಾಲೆಯ ಮಕ್ಕಳಿಗೆ ಶಬ್ದರೂಪಗಳನ್ನೂ ಸಮಾಸಗಳನ್ನೂ ಬಾಯಿಪಾಠ ಮಾಡಿಸಿದವರು ನಾವು. ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಕುರಿತು ನಮಗೆ ಇನ್ನು ಯಾರೂ ಹೊಸದಾಗಿ ಹೇಳಬೇಕಾದುದಿಲ್ಲವೆಂಬ ಒಂದು ಸಮಾಧಾನವು ನಮ್ಮಲ್ಲಿ ನೆಲೆಸಿದ್ದಿತು. ಗುಂಡ್ಲುಪೇಟೆಯ ಒಂದು ಹೋಟಲಿನಲ್ಲಿ, ಎರಡು ಚಮಚೆ ಚಟ್ನಿಯಲ್ಲಿ, ಆ ಸಮಾಧಾನವು ಕರಗಿಹೋಯಿತು. ವಾಚಕರ ಮನೆಗಳಲ್ಲಿಯೂ ಮಕ್ಕಳುಂಟು; ರಜೆ ಬಂದರೆ ಪರಸ್ಥಳಗಳಿಗೆ ಹೋಗುವುದೂ ಹೋಟಲಿನಲ್ಲಿ ಉಣ್ಣುವುದೂ ಉಂಟು. ಆದುದರಿಂದ ನಮ್ಮ ತಪ್ಪನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮಗನ ಸಂಸಾರವು ಬೆಂಗಳೂರಿನಲ್ಲಿದೆ. ಅವನ ಮಗಳಿಗೆ ಎರಡು ವರ್ಷ ತುಂಬುತ್ತಿದ್ದಾಗ, ಯಾರೋ ಕೈಗೆ ಕೊಟ್ಟ ಚಿಕ್ಕಿಯ ಚೂರನ್ನು ಬಾಯಿಗೆ ಹಾಕಿಕೊಂಡು, ಮೈಯೆಲ್ಲ ದದ್ದೆದ್ದು ವಾಂತಿಯಾಯಿತಂತೆ. ವೈದ್ಯರು ಚರ್ಮವನ್ನೂ ರಕ್ತವನ್ನೂ ಪರೀಕ್ಷಿಸಿ, ಈ ಮಗುವಿಗೆ ಕಡಲೆಕಾಯಿ ಆಗದು, ಒಂದು ಬೀಜವೂ ಕೂಡದು ಎಂದು ಬರೆದುಕೊಟ್ಟರು. ಅಂದಿನಿಂದ ನಮ್ಮ ಸೊಸೆಯು ಹೊರಗೆ ಎಲ್ಲಿ ಕುಳಿತರೂ, ಮಗು ಎಲೆಗೆ ಕೈಯಿಡುವ ಮೊದಲು, ತಾನೇ ಅಡುಗೆಮನೆಯ ಬಾಗಿಲವರೆಗೆ ಹೋಗಿ ವಿಚಾರಿಸಿ ಬರುವಳು. ಕಾರ್ತಿಕಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರಿದಾಗ ಮಗುವನ್ನು ಆ ಬೀದಿಯ ದಿಕ್ಕಿಗೇ ಕರೆದೊಯ್ಯಳು. ನಾವು ಇದನ್ನೆಲ್ಲ ನೋಡುತ್ತ, ಬಾಯಲ್ಲಿ ಏನನ್ನೂ ಹೇಳದಿದ್ದರೂ, ಒಳಗೊಳಗೆ ನಗುತ್ತಿದ್ದೆವೆಂಬುದನ್ನು ಒಪ್ಪಿಕೊಳ್ಳಬೇಕು.

ನಗುವುದಕ್ಕೆ ಕಾರಣವೂ ಇತ್ತು. ನಮ್ಮ ಮನೆಗಳಲ್ಲಿ "ಆಗದು" ಎಂಬ ಮಾತು ಸವೆದುಹೋದ ನಾಣ್ಯವಾಗಿದೆ. ಬದನೆಕಾಯಿ ನಂಜೆಂದು ಒಬ್ಬರು, ಮೊಸರು ಶೀತವೆಂದು ಇನ್ನೊಬ್ಬರು, ಆಲೂಗೆಡ್ಡೆ ವಾಯುವೆಂದು ಮತ್ತೊಬ್ಬರು ಎಲೆಯ ಮೇಲೆ ಕೈಯಡ್ಡ ಹಿಡಿಯುವುದನ್ನು ನಾವು ಚಿಕ್ಕಂದಿನಿಂದ ಕಂಡಿದ್ದೇವೆ. ನಮ್ಮ ಸೋದರಮಾವನವರೊಬ್ಬರಿಗೆ ಹಾಗಲಕಾಯಿ ಸರ್ವಥಾ ಆಗುತ್ತಿರಲಿಲ್ಲ. ಪಾಯಸವು ಮಾತ್ರ ಎಷ್ಟು ಬಡಿಸಿದರೂ ಆಗುತ್ತಿತ್ತು. ಒಲ್ಲದುದಕ್ಕೆಲ್ಲ "ಆಗದು" ಎಂದು ಹೇಳಿ ಹೇಳಿ, ನಿಜವಾಗಿ ಆಗದವರು ಬಾಯಿಬಿಟ್ಟು ಹೇಳಿದಾಗ ಕೇಳುವವರಿಲ್ಲದಂತೆ ಮಾಡಿದ್ದೇವೆ.

ಇದರ ಮೇಲೆ ನಮ್ಮ ಓದಿನ ಅಹಂಕಾರವೂ ಸೇರಿತು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಹಾರದ ಹಿತಾಹಿತಗಳನ್ನು ನಿರ್ಣಯಿಸುವುದಕ್ಕೆ ಎಂಟು ಸಂಗತಿಗಳನ್ನು ಹೇಳಿದೆ. ಪದಾರ್ಥದ ಪ್ರಕೃತಿ, ಅದರ ಸಂಸ್ಕಾರ, ಬೇರೆ ಪದಾರ್ಥಗಳೊಡನೆ ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ಕ್ರಮ ಇವುಗಳನ್ನೆಲ್ಲ ಎಣಿಸಿದ ಮೇಲೆ ಕಡೆಯದಾಗಿ "ಉಪಯೋಕ್ತೃ," ಎಂದರೆ ಉಣ್ಣುವವನನ್ನು ಇಟ್ಟಿದ್ದಾರೆ. ಅಭ್ಯಾಸಬಲದಿಂದ ಒಬ್ಬೊಬ್ಬನಿಗೆ ಒಗ್ಗಿಕೊಂಡುದು ಓಕಸಾತ್ಮ್ಯ. ಅದು ಆ ಉಣ್ಣುವವನಿಗೆ ಅಧೀನವಾದುದು. ಇದನ್ನು ಓದಿಕೊಂಡಿದ್ದ ನಾವು, ಅಭ್ಯಾಸದಿಂದ ಎಲ್ಲವೂ ಒಗ್ಗೀತು, ಮಗುವಿಗೆ ದಿನಕ್ಕೊಂದು ಕಾಳಿನಂತೆ ತಿನ್ನಿಸಿದರೆ ಈ ಗಲಾಟೆಯೇ ಇರದು ಎಂದು ತರ್ಕಿಸಿದೆವು. ಕದ್ದು ಕೊಟ್ಟು ನೋಡೋಣವೆಂಬ ಯೋಚನೆಯು ಒಮ್ಮೆ ಸುಳಿದುದೂ ಉಂಟು. ಕೊಡಲಿಲ್ಲವೆಂಬುದಷ್ಟೇ ನಮ್ಮ ಪುಣ್ಯ.

ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ನೇರ ವಿರುದ್ಧವಾದ ಪಾಠವಿದೆಯೆಂಬುದು ಆಮೇಲೆ ತಿಳಿಯಿತು. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಷೆ, ಪಾಲ್ ಪೋರ್ತಿಯೇ ಎಂಬ ಇಬ್ಬರು ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಒಗ್ಗಿಸಲು ಹೊರಟಿದ್ದರು. ಮೊದಲ ಸಲ ಕೊಟ್ಟುದನ್ನು ತಾಳಿಕೊಂಡಿದ್ದ ನಾಯಿಯು, ಕೆಲವು ವಾರಗಳಾದ ಮೇಲೆ, ಅದೇ ವಿಷವನ್ನು ಕೊಂಚ ಕೊಟ್ಟೊಡನೆ ಉಸಿರುಕಟ್ಟಿ ಸತ್ತಿತು. ದೇಹವು ಒಗ್ಗಿಸಿಕೊಳ್ಳುವುದಕ್ಕೆ ಬದಲಾಗಿ ಹಗೆಯನ್ನು ನೆನಪಿಟ್ಟುಕೊಂಡಿತ್ತು. ಈ ಶೋಧನೆಗಾಗಿ ರಿಷೆಯವರಿಗೆ 1913ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಈಗ ಎಲ್ಲರ ಬಾಯಲ್ಲಿಯೂ ಇರುವ ಅಲರ್ಜಿ ಎಂಬ ಶಬ್ದವನ್ನು 1906ರಲ್ಲಿ ವಿಯೆನ್ನಾ ನಗರದ ಫಾನ್ ಪಿರ್ಕೆ ಎಂಬ ವೈದ್ಯರು ಗ್ರೀಕ್ ಧಾತುಗಳಿಂದ ಕಟ್ಟಿದರು. ಕಣಕಣವಾಗಿ ಕೊಟ್ಟು ಒಗ್ಗಿಸುವ ಚಿಕಿತ್ಸೆಯು ಈಚೆಗೆ ಇಲ್ಲದಿಲ್ಲ. ಕಡಲೆಕಾಯಿಗೆ ಅಂತಹ ಔಷಧವೊಂದನ್ನು ಅಮೆರಿಕದಲ್ಲಿ 2020ರಲ್ಲಿ ಅಂಗೀಕರಿಸಿದರು. ಆದರೆ ಅದು ತಜ್ಞರ ಕಣ್ಣೆದುರಿನಲ್ಲಿ ನಡೆಯತಕ್ಕುದು. ತಾತನು ಕೋಣೆಯ ಮೂಲೆಯಲ್ಲಿ ನಡೆಸತಕ್ಕುದಲ್ಲ.

2023ರ ಡಿಸೆಂಬರು ತಿಂಗಳಲ್ಲಿ ನಮ್ಮ ಮಗನ ಸ್ನೇಹಿತರೊಬ್ಬರ ಮದುವೆಗಾಗಿ ನಾವೆಲ್ಲರೂ ಕಾರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಗೆ ಹೊರಟೆವು. ಮೈಸೂರಿನಿಂದ ಸುಮಾರು 60 ಕಿಲೋಮೀಟರು ದೂರದ ಗುಂಡ್ಲುಪೇಟೆಯಲ್ಲಿ ದಾರಿಯು ಕವಲೊಡೆಯುತ್ತದೆ. ಒಂದು ಕವಲು ಉದಕಮಂಡಲಕ್ಕೆ, ಇನ್ನೊಂದು ವಯನಾಡಿಗೆ. ಎರಡೂ ಬಂಡೀಪುರದ ಅರಣ್ಯವನ್ನು ಹೊಗುತ್ತವೆ. 2009ರಿಂದ ಆ ಅರಣ್ಯದಲ್ಲಿ ರಾತ್ರಿ 9 ಗಂಟೆಯಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆಯುಂಟು. ಕಾಡುಮೃಗಗಳಿಗೆ ರಾತ್ರಿಯಲ್ಲಾದರೂ ನೆಮ್ಮದಿಯಿರಲೆಂಬ ಈ ಏರ್ಪಾಡು ನ್ಯಾಯವಾದುದೇ. ಆದರೆ ಇದರಿಂದ ಸಂಜೆಯ ಏಳು, ಏಳೂವರೆಯ ಹೊತ್ತಿಗೆ ಗುಂಡ್ಲುಪೇಟೆಯ ಹೋಟಲುಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಮದ್ದೂರಿನ (ಮಂಡ್ಯದ ಕಡೆಯ ಮದ್ದೂರಲ್ಲ) ತನಿಖಾ ಠಾಣೆಯನ್ನು ಗೇಟು ಬೀಳುವ ಮೊದಲು ದಾಟಬೇಕೆಂದು ಎಲ್ಲರಿಗೂ ಅವಸರ. ಉಣ್ಣುವವರಿಗೆ ಅವಸರ, ಬಡಿಸುವವರಿಗೆ ಅದಕ್ಕಿಂತ ಅವಸರ.

ಮಗನು ಕಾರಿಗೆ ಎಣ್ಣೆ ಹಾಕಿಸಲು ಹೋದನು. ಸೊಸೆಯು ಕೈಗೂಸಿಗೆ ಹಾಲೂಡಿಸುತ್ತ ಹಿಂದಿನ ಆಸನದಲ್ಲಿಯೇ ಉಳಿದಳು. "ಮಾವ, ನಾನು ಬರುವವರೆಗೆ ಏನನ್ನೂ ಕೊಡಿಸಬೇಡಿ, ನಾನೇ ಕೇಳುತ್ತೇನೆ" ಎಂದಳು. "ಕೇಳುವುದೇನು ಮಹಾ! ನಾನು ಕೇಳುತ್ತೇನೆ ಬಿಡಮ್ಮ" ಎಂದು ಹೇಳಿ ನಾವು ಮೊಮ್ಮಗಳ ಕೈಹಿಡಿದು ಹೋಟಲನ್ನು ಹೊಕ್ಕೆವು. ಆಗ ಅವಳಿಗೆ ಏಳು ವರ್ಷ.

ದೋಸೆ ಬಂದಿತು. ನಾವು ಬಡಿಸುವ ಹುಡುಗನನ್ನು ನಿಲ್ಲಿಸಿಕೊಂಡು, ಮೌಖಿಕ ಪರೀಕ್ಷೆಯಲ್ಲಿ ಹುಡುಗರನ್ನು ಕೇಳುತ್ತಿದ್ದ ಧೋರಣೆಯಲ್ಲಿಯೇ, "ಈ ಚಟ್ನಿಗೆ ಏನೇನು ಪದಾರ್ಥಗಳನ್ನು ಹಾಕಿದ್ದೀರಪ್ಪ?" ಎಂದು ಕೇಳಿದೆವು. ಅವನು ಕೈಯಲ್ಲಿ ನಾಲ್ಕು ತಟ್ಟೆಗಳನ್ನು ಜೋಡಿಸಿಕೊಂಡೇ, "ತೆಂಗಿನಕಾಯಿ, ಕಡಲೆ, ಹಸಿಮೆಣಸಿನಕಾಯಿ ಸಾರ್" ಎಂದನು. ನಮ್ಮ ಮನೆಯ ಚಟ್ನಿಯಲ್ಲಿಯೂ ಇವೇ ಮೂರು. ಚಟ್ನಿಗೆ ಹಾಕುವ ಕಡಲೆಯೆಂದರೆ ನಮ್ಮ ಕಡೆ ಹುರಿಗಡಲೆ. ಉತ್ತರವು ಸರಿಯಾಗಿದೆಯೆಂದು ಮನಸ್ಸಿನಲ್ಲಿಯೇ ಪೂರ್ಣಾಂಕಗಳನ್ನು ಕೊಟ್ಟೆವು. ಮಗುವು ನಮ್ಮ ಮುಖವನ್ನು ನೋಡಿ, "ತಾತ, ಕೇಳಿದ್ಯಾ?" ಎಂದಿತು. "ಕೇಳಿದೆ ಮಗಳೇ, ತಿನ್ನು" ಎಂದೆವು.

ಎರಡು ತುತ್ತೋ ಮೂರು ತುತ್ತೋ ತಿಂದಿರಬೇಕು. "ತಾತ, ನಾಲಿಗೆ ಚುರುಚುರು ಅಂತಿದೆ" ಎಂದಿತು. ಇಲ್ಲಿ ನಾವು ಮಾಡಿದ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಮೆಣಸಿನಕಾಯಿಯ ಖಾರವೆಂದು ಹೇಳಿ, ನೀರು ಕುಡಿಸಿ, ಬಾಯಿಗೆ ಸಕ್ಕರೆ ಹಾಕಿದೆವು. ಹೊರಗೆ ಗಾಳಿಗೆ ಹೋದರೆ ಸರಿಯಾದೀತೆಂದು ಎಬ್ಬಿಸಿ ನಡೆಸಿಕೊಂಡು ಬಂದೆವು. ಬಾಗಿಲ ದೀಪದ ಕೆಳಗೆ ಮುಖ ನೋಡಿದರೆ ತುಟಿಗಳು ಊದಿದ್ದವು. ಕೊರಳಿನ ಮೇಲೆ ಪಿತ್ತದ ಗಂಧೆಯಂತಹ ಕೆಂಪು ದದ್ದುಗಳು ಕಣ್ಣೆದುರಿನಲ್ಲಿಯೇ ಏಳುತ್ತಿದ್ದವು. ಮಗು ಕೆಮ್ಮಿತು, ಆ ಕೆಮ್ಮಿನಲ್ಲಿ ಒಂದು ಸಿಳ್ಳು ಇತ್ತು. ನಮ್ಮ ಸೊಸೆಯು ಕಾರಿನಿಂದ ನೋಡಿದವಳು ನಮ್ಮನ್ನು ಒಂದು ಮಾತನ್ನೂ ಕೇಳಲಿಲ್ಲ. ಕೂಸನ್ನು ನಮ್ಮ ತೋಳಿಗೆ ಹಾಕಿ, ಅವಳನ್ನು ಎತ್ತಿಕೊಂಡು ಓಡಿದಳು.

ದೇವರ ದಯದಿಂದ ಚಿಕಿತ್ಸಾಲಯವು ಸಮೀಪದಲ್ಲಿತ್ತು. ಅಲ್ಲಿದ್ದ ವೈದ್ಯರು ಮಗುವನ್ನು ನೋಡಿದ ಕ್ಷಣದಲ್ಲಿಯೇ ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಅಡ್ರಿನಲಿನ್ ಎಂಬ ಔಷಧವನ್ನು ಚುಚ್ಚಿದರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಉಸಿರು ಸಡಿಲವಾಗುತ್ತ ಬಂದಿತು. ಆ ಹತ್ತು ನಿಮಿಷಗಳನ್ನು ಕುರಿತು ನಾವು ಏನನ್ನೂ ಬರೆಯಲಾರೆವು. ಗೋಡೆಯ ಗಡಿಯಾರದಲ್ಲಿ ಎಂಟು ಗಂಟೆಗೆ ಐದು ನಿಮಿಷವಿದ್ದುದು ಮಾತ್ರ ನೆನಪಿನಲ್ಲಿದೆ. ಅವಸರದಲ್ಲಿ ದೋಸೆಯನ್ನು ಕಟ್ಟಿಸಿಕೊಂಡು ಕಾರಿನಲ್ಲಿ ತಿನ್ನಿಸೋಣವೆಂದು ಮಗನು ಮೊದಲು ಹೇಳಿದ್ದನು. ಹಾಗೆ ಮಾಡಿದ್ದರೆ ಆ ಹೊತ್ತಿಗೆ ನಾವು ಬಂಡೀಪುರದ ಕತ್ತಲೆಯಲ್ಲಿ, ಹಿಂದೆಯೂ ಮುಂದೆಯೂ ಒಂದು ದೀಪವಿಲ್ಲದಲ್ಲಿ ಇರುತ್ತಿದ್ದೆವು.

ಮಗುವನ್ನು ಬೆಳಗಿನವರೆಗೆ ಅಲ್ಲಿಯೇ ಇರಿಸಿಕೊಂಡರು. ಒಮ್ಮೆ ಇಳಿದ ಬಾಧೆಯು ಕೆಲವು ಗಂಟೆಗಳಾದ ಮೇಲೆ, ಮತ್ತೇನೂ ತಿನ್ನದಿದ್ದರೂ, ಮರುಕಳಿಸುವುದುಂಟಂತೆ. ಆ ವೈದ್ಯರು ರಾತ್ರಿ ಬಿಡುವು ಮಾಡಿಕೊಂಡು ನಮಗೆ ಹೇಳಿದುದನ್ನು ಇಲ್ಲಿ ಬರೆದಿಡುವುದು ಲೇಸು. ನಮ್ಮ ಮನೆಯವರು ಚೀಲದಲ್ಲಿ ಇಟ್ಟುಕೊಂಡಿದ್ದ ಸಿಹಿಯಾದ ಅಲರ್ಜಿ ಔಷಧವು ತುರಿಕೆಯನ್ನೂ ದದ್ದನ್ನೂ ಇಳಿಸಬಲ್ಲುದೇ ಹೊರತು ಊದಿದ ಗಂಟಲನ್ನು ತೆರೆಯಲಾರದು, ಕುಸಿಯುವ ರಕ್ತದೊತ್ತಡವನ್ನು ಎತ್ತಲಾರದು. ಆ ಕೆಲಸಕ್ಕೆ ಅಡ್ರಿನಲಿನ್ ಒಂದೇ. ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ 0.01 ಮಿಲಿಗ್ರಾಮಿನಂತೆ ಲೆಕ್ಕಹಾಕಿ ತೊಡೆಗೆ ಕೊಡತಕ್ಕುದು. ಕೊಡುವುದಕ್ಕೆ ತಡಮಾಡಿದಷ್ಟೂ ಅಪಾಯ. ಅಂತಹ ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು, ಉಸಿರಿಗೆ ಕಷ್ಟವಾದರೆ ಕುಳ್ಳಿರಿಸಬಹುದು, ಎಬ್ಬಿಸಿ ನಡೆಸಲೇಬಾರದು. ನಾವು ನಡೆಸಿದ್ದೆವು. ಈ ಮಾತನ್ನು ಕೇಳುತ್ತಿದ್ದಾಗ ಸೊಸೆಯು ಮಗುವಿನ ಪಾದವನ್ನು ನೀವುತ್ತ ಕುಳಿತಿದ್ದಳು. ತಲೆಯೆತ್ತಿ ನಮ್ಮನ್ನು ನೋಡಲಿಲ್ಲ.

ರಾತ್ರಿ ಹತ್ತೂವರೆಯ ಸುಮಾರಿಗೆ ಆ ಬಡಿಸುವ ಹುಡುಗನು ಬಾಗಿಲಲ್ಲಿ ಬಂದು ನಿಂತನು. ಹೋಟಲಿನ ಕೆಲಸ ಮುಗಿಸಿ, ವಿಚಾರಿಸಿಕೊಂಡು, ನಡೆದು ಬಂದಿದ್ದನು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಸತ್ಯಮಂಗಲದ ಕಡೆಯವನು. ಮಗು ಹೇಗಿದೆಯೆಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಹೇಳಿದ್ನಲ್ಲ ಸಾರ್, ಕಡಲೆ ಹಾಕಿದೆ ಅಂತ. ನಮ್ಮೂರಲ್ಲಿ ಇದನ್ನೇ ಕಡಲೆ ಅನ್ನೋದು" ಎಂದು ಅಂಗಿಯ ಜೇಬಿನಿಂದ ನಾಲ್ಕು ಹುರಿದ ಕಡಲೆಕಾಯಿ ಬೀಜಗಳನ್ನು ತೆಗೆದು ತೋರಿಸಿದನು. ಸೊಸೆಯು ಗಾಬರಿಯಿಂದ ಎದ್ದುನಿಂತಳು. ಅವನು ಕೂಡಲೆ ಹೊರಗೋಡಿ ಅವುಗಳನ್ನೆಸೆದು, ಕೈ ತೊಳೆದುಕೊಂಡು ಬಂದು ಮತ್ತೆ ಬಾಗಿಲಲ್ಲಿಯೇ ನಿಂತನು.

ಅವನು ಸುಳ್ಳು ಹೇಳಿರಲಿಲ್ಲ. ತಮಿಳರ ಮಾತಿನಲ್ಲಿ ಬರಿಯ "ಕಡಲೈ" ಎಂದರೆ ಸಾಮಾನ್ಯವಾಗಿ ಕಡಲೆಕಾಯಿಯೇ. ನಮ್ಮ ಹುರಿಗಡಲೆಯು ಅವರಿಗೆ ಪೊಟ್ಟುಕಡಲೈ. ಮಲೆಯಾಳದವರು "ಕಡಲ" ಎಂದರೆ ನಮ್ಮ ಇಡೀ ಕಡಲೆಕಾಳು. ಕಡಲೆಕಾಯಿಯನ್ನು ನೆಲಕ್ಕಡಲ ಎಂದೂ, ಹಡಗಿನ ಸಂಬಂಧವಾದ ಕಪ್ಪಲಂಡಿ ಎಂಬ ಹೆಸರಿನಿಂದಲೂ ಕರೆಯುತ್ತಾರೆ. ಉತ್ತರ ಕರ್ಣಾಟಕದವರಿಗೆ ಅದು ಶೇಂಗಾ, ಹುರಿಗಡಲೆಯು ಪುಠಾಣಿ. ಇನ್ನು ನಾವಾದರೋ ಕಡಲೆ, ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ, ಕಡಲೆಕಾಯಿ, ಕಡಲೆಬೀಜ, ಕಡಲೆಕಾಯಿ ಎಣ್ಣೆ ಎಂದು ಎರಡು ಬೇರೆ ಬೇರೆ ಗಿಡಗಳ ಫಲಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದೇವೆ. ಸಂಸ್ಕೃತದ ಚಣಕವು ಪುರಾತನವಾದುದು. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕದ ಮೂಲದ್ದು, ಪೋರ್ಚುಗೀಸರ ಕಾಲದಿಂದೀಚೆಗೆ ಹಡಗಿನಲ್ಲಿ ಬಂದುದು. ಅಮರಕೋಶದಲ್ಲಿ ಅದಕ್ಕೆ ಹೆಸರಿಲ್ಲ. ಹೊಸದಾಗಿ ಬಂದ ಬೀಜಕ್ಕೆ ಹಳೆಯ ಹೆಸರನ್ನು ಅಂಟಿಸಿ ನಮ್ಮ ಹಿರಿಯರು ಕೈತೊಳೆದುಕೊಂಡರು. ಕನ್ನಡ, ತಮಿಳು, ಮಲೆಯಾಳ ಮೂರೂ ಕೂಡುವ ಗುಂಡ್ಲುಪೇಟೆಯಂತಹ ಊರಿನಲ್ಲಿ ನಿಂತು, ಇದನ್ನೆಲ್ಲ ತಿಳಿದೂ, ಮಗುವಿನ ಪ್ರಾಣವನ್ನು "ಕಡಲೆ" ಎಂಬ ಮೂರಕ್ಷರದ ಮೇಲೆ ಇಟ್ಟವರು ನಾವು. ಉತ್ತರವು ಸರಿಯಾಗಿತ್ತು, ಪ್ರಶ್ನೆಯೇ ತಪ್ಪಿತು. "ಏನೇನು ಹಾಕಿದ್ದೀರಿ?" ಎಂದು ಕೇಳಿ ಅವರ ಪಟ್ಟಿಯನ್ನು ಒಪ್ಪಿಸಿಕೊಳ್ಳುವುದಕ್ಕೆ ಬದಲಾಗಿ, "ಇದೊಂದು ವಸ್ತುವು ಇದೆಯೇ? ಇದನ್ನು ತಿಂದರೆ ಈ ಮಗುವಿನ ಉಸಿರು ನಿಲ್ಲುತ್ತದೆ" ಎಂದು ಕೇಳಬೇಕಾಗಿದ್ದಿತು.

ನಮ್ಮ ಹಿರಿಯರು ಹೋಟಲಿಗೆ ಹೋಗುವುದೇ ಅಪರೂಪ. ಹೋದರೂ ವಿಚಾರಿಸದೆ ಉಣ್ಣುತ್ತಿರಲಿಲ್ಲ. ಆದರೆ ಅವರು ವಿಚಾರಿಸುತ್ತಿದ್ದುದು ಅಡುಗೆಯವನು ಯಾರು, ಯಾವ ಕುಲದವನು, ಮಡಿಯುಂಟೇ ಎಂಬುದನ್ನು. ಬಾಣಲೆಯಲ್ಲಿರುವ ಎಣ್ಣೆ ಯಾವುದೆಂದು ಕೇಳಿದವರನ್ನು ನಾವು ಕಾಣೆವು. ಒಬ್ಬರ ಮನಸ್ಸನ್ನು ನೋಯಿಸುವ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳುತ್ತಿದ್ದ ವಂಶದಲ್ಲಿ ಹುಟ್ಟಿದ ನಾವು, ಒಂದು ಪ್ರಾಣವನ್ನು ಉಳಿಸುವ ಪ್ರಶ್ನೆಯನ್ನು ಕೇಳುವುದಕ್ಕೆ ಇಂದಿಗೂ ನಾಚುತ್ತೇವೆ. ಪಕ್ಕದ ಮೇಜಿನವರು ನೋಡುತ್ತಾರೆ, ಹುಡುಗನು ಮುಖ ಸಿಂಡರಿಸುತ್ತಾನೆ ಎಂದು ಹಿಂಜರಿಯುತ್ತೇವೆ.

ಕೇಳತೊಡಗಿದ ಮೇಲಲ್ಲವೆ ಅದು ಎಲ್ಲೆಲ್ಲಿ ಅಡಗಿದೆಯೆಂಬುದು ತಿಳಿಯುವುದು! ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ನಿಪ್ಪಟ್ಟು ಇವುಗಳಲ್ಲಿ ಕಣ್ಣಿಗೆ ಕಾಣುತ್ತದೆ. ಎಣ್ಣೆಗಾಯಿಯ ಮಸಾಲೆಯಲ್ಲಿ, ಚಟ್ನಿಪುಡಿಯಲ್ಲಿ, ಗಟ್ಟಿ ಬರಲೆಂದು ಗೊಜ್ಜಿಗೆ ಬೆರೆಸಿದ ಪುಡಿಯಲ್ಲಿ ಕಾಣುವುದಿಲ್ಲ. ಎಣ್ಣೆಯ ವಿಷಯ ಇನ್ನೂ ಸೂಕ್ಷ್ಮ. ಕಾರ್ಖಾನೆಯಲ್ಲಿ ಚೆನ್ನಾಗಿ ಶುದ್ಧಿಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಬಾಧೆ ಕೊಡುವ ಸಸಾರಜನಕವು ಬಹುಮಟ್ಟಿಗೆ ಹೋಗಿರುತ್ತದೆ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಈಗ ಎಲ್ಲೆಲ್ಲಿಯೂ ಗಾಣದ ಎಣ್ಣೆಯದೇ ಕೀರ್ತಿ. "ಇಲ್ಲಿ ಗಾಣದ ಎಣ್ಣೆಯನ್ನೇ ಬಳಸುತ್ತೇವೆ" ಎಂದು ಹಲಗೆ ಹಾಕುವ ಹೋಟಲುಗಳನ್ನು ಕಂಡರೆ ಉಳಿದವರು ಒಳಗೆ ನುಗ್ಗುವರು, ನಾವು ಹೊರಗೆ ನಿಲ್ಲುವೆವು. ಅದೂ ಅಲ್ಲದೆ, ಒಂದೇ ರುಬ್ಬುವ ಯಂತ್ರದಲ್ಲಿ ಒಂದಾದ ಮೇಲೊಂದು ಚಟ್ನಿ. ಒಂದೇ ಸೌಟು ಎರಡು ಪಾತ್ರೆಗಳಿಗೆ.

ಸರ್ಕಾರವು ಸುಮ್ಮನಿಲ್ಲ. ಆಹಾರ ಸುರಕ್ಷೆಯ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ನಿಯಮಗಳಂತೆ, ಕಡಲೆಕಾಯಿ, ಹಾಲು, ಮೊಟ್ಟೆ, ಮೀನು, ಗೋಧಿ, ಸೋಯಾ ಮೊದಲಾದ ಎಂಟು ಬಗೆಯ ಪದಾರ್ಥಗಳಲ್ಲಿ ಯಾವುದಿದ್ದರೂ ಪೊಟ್ಟಣದ ಮೇಲೆ ತಿಳಿಸತಕ್ಕುದು. ಕೇಂದ್ರದ ಪರವಾನಗಿ ಪಡೆದ ಇಲ್ಲವೇ ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳುಳ್ಳ ದೊಡ್ಡ ಹೋಟಲುಗಳು ತಿಂಡಿಯ ಪಟ್ಟಿಯಲ್ಲಿಯೂ ಅದನ್ನು ತೋರಿಸತಕ್ಕುದು. ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಇಂತಹ 14 ಪದಾರ್ಥಗಳಿಗೆ ಈ ಕಟ್ಟಳೆಯಿದೆ; ನಮ್ಮ ಪಟ್ಟಿಯಲ್ಲಿಲ್ಲದ ಎಳ್ಳು, ಸಾಸಿವೆಗಳೂ ಅಲ್ಲಿ ಸೇರಿವೆ. ಎಳ್ಳು ಸಾಸಿವೆಗಳಿಲ್ಲದ ಒಗ್ಗರಣೆಯನ್ನೂ ಪುಡಿಯನ್ನೂ ಅರಿಯದ ನಾಡಿನಲ್ಲಿ ಅವುಗಳನ್ನೇ ಬಿಟ್ಟಿರುವುದು ನಮಗೆ ಸೋಜಿಗವಾಗಿದೆ. ಹೇಗೂ ಇರಲಿ, ಹೆದ್ದಾರಿಯ ಪಕ್ಕದ ಒಂಟಿ ಹೋಟಲಿಗೆ ದೊಡ್ಡವರ ಆ ಪಟ್ಟಿಯ ನಿಯಮವು ಅನ್ವಯಿಸುವುದಿಲ್ಲ. ಅಲ್ಲಿಯ ಅಡುಗೆಯವರನ್ನು ದೂರುವುದೂ ಕಷ್ಟ. ಅವರು ಇಂತಹವರನ್ನು ಕಂಡಿರುವುದೇ ವಿರಳ. ಕರ್ಣಾಟಕದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಂತೆ, ನೂರಕ್ಕೆ ಇಪ್ಪತ್ತಾರರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧವಾದ ಗುರುತು ಕಂಡುಬಂದರೂ, ಉಂಡು ನಿಜವಾಗಿ ಬಾಧೆಪಡುವವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಾತ್ರ. ನೂರಕ್ಕೊಬ್ಬರಿಗಾಗಿ ಯಾರು ಸೌಟು ಬದಲಾಯಿಸುವರು? ಆ ಒಬ್ಬರು ನಮ್ಮ ಮನೆಯಲ್ಲಿರುವವರೆಗೆ ನಾವೂ ಹೀಗೆಯೇ ಕೇಳುತ್ತಿದ್ದೆವು.

ಊರಿಗೆ ಬಂದ ಮೇಲೆ ನಾವು ಒಂದು ಉಪಾಯ ಹೂಡಿದೆವು. ಹಿಂದೆ ಪಾಠಶಾಲೆಗಳಲ್ಲಿ ವಸ್ತುಪಾಠವೆಂಬುದೊಂದಿತ್ತು. ಶಬ್ದವನ್ನು ಹೇಳುವ ಮೊದಲು ವಸ್ತುವನ್ನೇ ತೋರಿಸುವುದು. ಅದರಂತೆ ಒಂದು ಗಾಜಿನ ಶೀಶೆಯಲ್ಲಿ ಮೂರು ಕಡಲೆಕಾಯಿ ಬೀಜಗಳನ್ನು ಹಾಕಿ, ಬಿರಡೆಗೆ ಅರಗಿನ ಮುದ್ರೆಯೊತ್ತಿ, ಪ್ರವಾಸಕ್ಕೆ ಸಿದ್ಧಮಾಡಿಕೊಂಡೆವು. ಸೊಸೆಯು ಅದನ್ನು ಕಂಡು, "ಮಾವ, ಮನೆಗೇ ಬಾರದ ವಸ್ತುವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತೀರಾ?" ಎಂದಳು. ಶೀಶೆಯು ತಿಪ್ಪೆ ಸೇರಿತು. ಈಗ ಒಂದು ಕೈಯಗಲದ ರಟ್ಟಿನ ಮೇಲೆ ಸಿಪ್ಪೆಯ ಕಾಯಿ, ಒಡೆದ ಕಾಯಿ, ಬೀಜ ಈ ಮೂರರ ಬಣ್ಣದ ಚಿತ್ರವನ್ನು ಅಂಟಿಸಿ, ಕೆಳಗೆ ಕನ್ನಡ, ತಮಿಳು, ಮಲೆಯಾಳಗಳಲ್ಲಿ ಅದರ ಹೆಸರುಗಳನ್ನೆಲ್ಲ ಬರೆಸಿ, "ಇದನ್ನಾಗಲಿ ಇದರ ಎಣ್ಣೆಯನ್ನಾಗಲಿ ಇದು ತಗಲಿದ ಪಾತ್ರೆಯಲ್ಲಿ ಮಾಡಿದುದನ್ನಾಗಲಿ ತಿಂದರೆ ಈ ಮಗುವಿನ ಜೀವಕ್ಕೆ ಅಪಾಯ" ಎಂದು ಸೇರಿಸಿದ್ದೇವೆ. ಸೊಸೆಯ ಚೀಲದಲ್ಲಿ ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ನೂ ಸೂಜಿಯೂ ಇರುತ್ತವೆ. ಕೊಡುವ ಕ್ರಮವನ್ನು ಗಂಡಹೆಂಡಿರಿಬ್ಬರೂ ಕಲಿತಿದ್ದಾರೆ. ನಾವೂ ಕಲಿತಿದ್ದೇವೆ.

ಆ ರಟ್ಟಿನೊಡನೆ ಮೊದಲ ಪ್ರವಾಸವು 2024ರ ಆಷಾಢದಲ್ಲಿ ಚಾಮರಾಜನಗರಕ್ಕೆ ಆಯಿತು. ಆಷಾಢದಲ್ಲಿ ಹೊಸ ಮದುವೆಯ ದಂಪತಿಗಳು ಚಾಮರಾಜೇಶ್ವರನ ತೇರಿಗೆ ಹೋಗುವುದು ಆ ಸೀಮೆಯ ರೂಢಿ. ನಮ್ಮ ತಂಗಿಯ ಮಗಳಿಗೆ ಆ ವರ್ಷ ಮದುವೆಯಾಗಿತ್ತು. ಹಿಂದೆ ಅರಿಕುಠಾರವೆನಿಸಿದ್ದ ಆ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆಯವರ ಹೆಸರನ್ನಿಟ್ಟರು. ಅಲ್ಲಿ ಹೆಸರು ಬದಲಾಯಿತು, ಊರು ಅದೇ ಉಳಿಯಿತು. ಕಡಲೆಯ ವಿಷಯದಲ್ಲಿ ಹೆಸರು ಅದೇ ಉಳಿದು ಬೀಜವು ಬದಲಾಯಿತು ಎಂದು ನಾವು ದಾರಿಯಲ್ಲಿ ಮಗನಿಗೆ ಹೇಳಿದೆವು. ಅವನು ನಗಲಿಲ್ಲ.

ದರ್ಶನವಾದ ಮೇಲೆ ಒಂದು ಸಣ್ಣ ಹೋಟಲಿಗೆ ಹೋಗಿ, ಗಲ್ಲಾಪೆಟ್ಟಿಗೆಯಲ್ಲಿ ಕುಳಿತಿದ್ದವರಿಗೆ ರಟ್ಟನ್ನು ಕೊಟ್ಟೆವು. ಅವರು ಓದಿ, ಏನೂ ಹೇಳದೆ ಒಳಗೆ ಹೋಗಿ, ಅಡುಗೆಯವರನ್ನೇ ಕರೆತಂದರು. ಅರವತ್ತರ ಮೇಲಿನ ವಯಸ್ಸಿನ ಅವರು ತೋಳಿನಿಂದ ಬೆವರೊರೆಸಿಕೊಂಡು ರಟ್ಟನ್ನು ನೋಡಿದರು, ಮಗುವನ್ನು ನೋಡಿದರು. "ಬೇಡಿ ಸ್ವಾಮಿ, ಮಗೀಗೆ ಕೊಡಬೇಡಿ. ನಮ್ಮದೆಲ್ಲಾ ಕಳ್ಳೆಕಾಯಿ ಎಣ್ಣೇನೇ. ಕಾವಲಿಗೂ ಅದೇ, ಒಗ್ಗರಣೆಗೂ ಅದೇ. ರುಬ್ಬೋದೂ ಒಂದೇ. ನಾನು ಇಲ್ಲ ಅಂದ್ರೆ ಸುಳ್ಳಾಯ್ತದೆ" ಎಂದರು. ನಾವು ಏಳುತ್ತಿದ್ದೆವು. ಅವರು ಕೈಯೆತ್ತಿ ತಡೆದು, "ಕೂತ್ಕಳಿ" ಎಂದು ಹೇಳಿ, ಒಂದು ಸಣ್ಣ ಪಾತ್ರೆಯನ್ನು ಮಗುವಿನ ತಾಯಿಯ ಕಣ್ಣೆದುರಿನಲ್ಲಿಯೇ ಬೂದಿ ಸೋಪುಗಳಿಂದ ತಿಕ್ಕಿ ತೊಳೆದು, ಹೊಸದಾಗಿ ಬಿಚ್ಚಿದ ಮೂಟೆಯ ಅಕ್ಕಿಯಿಂದ ಅನ್ನಮಾಡಿ, ಮೊಸರು ಉಪ್ಪುಗಳೊಡನೆ ಬಾಳೆಯೆಲೆಯ ಮೇಲೆ ತಂದಿಟ್ಟರು. ಮುಕ್ಕಾಲು ಗಂಟೆ ಹಿಡಿಯಿತು. ತೇರಿನ ದಿನ, ಹೊರಗೆ ಜನ ಕಾದು ನಿಂತಿದ್ದರು. ಹಣವನ್ನು ಕೇಳಿದರೆ ಅನ್ನಕ್ಕೆ ಮಾತ್ರ ತೆಗೆದುಕೊಂಡರು. ನಾವು ಕಂಡಿರುವ ಹೋಟಲುಗಳಲ್ಲಿ "ನಮ್ಮಲ್ಲಿ ತಿನ್ನಬೇಡಿ" ಎಂದು ಹೇಳಿದುದು ಅದೊಂದೇ.

ಮಗುವು ಎಲೆಯ ಮುಂದೆ ಕುಳಿತಿತ್ತು. "ನಾನೇ ಕೇಳಿದ್ದೇನೆ, ನೋಡಿಯೂ ಇದ್ದೇನೆ, ತಿನ್ನು ಮಗಳೇ" ಎಂದೆವು. ಅವಳು ನಮ್ಮ ಕಡೆ ತಿರುಗಿ ಒಂದಿಷ್ಟು ನಕ್ಕಳು. ನಮ್ಮ ಮನಸ್ಸು ನೋಯಬಾರದೆಂದಿರಬೇಕು. ಆಮೇಲೆ ತಾಯಿಯ ಮುಖವನ್ನು ನೋಡಿದಳು. ತಾಯಿ ತಲೆಯಾಡಿಸಿದ ಮೇಲೆ ಅನ್ನಕ್ಕೆ ಕೈಯಿಟ್ಟಳು. ಈಗಲೂ ಹಾಗೆಯೇ ಮಾಡುತ್ತಾಳೆ.